ಆಡುವುದಿಲ್ಲ ಎನ್ನುವುದಕ್ಕೂ ಅನುಕೂಲ ಬೇಕು

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಇಂಥದೊಂದು ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಹೈಸ್ಕೂಲು ಮುಗಿಸಿ ಹೆಸರಾಂತ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದ, ಅಲ್ಲಿ ಇನ್ನೂ ಒಂದು ಪಂದ್ಯವನ್ನೂ ಆಡಿರದ ಹದಿನೆಂಟರ ಹುಡುಗನೋ ಹುಡುಗಿಯೋ ‘ವೈಯಕ್ತಿಕ ಆರೋಗ್ಯದ ಕಾರಣಕ್ಕೆ’ ತಂಡದಿಂದ ದೂರ ಸರಿದಿದ್ದಾರೆ ಎಂಬ ಎರಡು ಸಾಲಿನ ಹೇಳಿಕೆ. ನಾವು ಅವರ ಬೆನ್ನಿಗಿದ್ದೇವೆ ಎಂದು ಕೋಚ್ ಹೇಳುತ್ತಾರೆ. ಅಲ್ಲಿಗೆ ಮುಗಿಯಿತು. ಮಿಕ್ಕದ್ದನ್ನು ಅಭಿಮಾನಿಗಳು ಉಪ್ಪು ಖಾರ ಹಚ್ಚಿ ತುಂಬಿಕೊಳ್ಳುತ್ತಾರೆ: ಮಂಡಿ ಹೋಯಿತೇ, ಖಿನ್ನತೆಯೇ, ಕೋಚ್ ಜೊತೆ ಜಗಳವೇ, ಬೇರೆ ಕಾಲೇಜು ಹೆಚ್ಚು ದುಡ್ಡು ತೋರಿಸಿತೇ?

ಪತ್ರಿಕೆಗಳದ್ದು ಈಚೆಗೆ ಇನ್ನೊಂದು ರಾಗ. ಹಿಂದೆ ಸರಿದವರ ಧೈರ್ಯವನ್ನು ಹೊಗಳುವುದು. ಧೈರ್ಯ ಬೇಕು, ಒಪ್ಪೋಣ. ಆದರೆ ಧೈರ್ಯವಿದ್ದೂ ಸರಿಯಲಾಗದೆ ಉಳಿದವರು ಈ ಆಟದ ಚರಿತ್ರೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಸ್ಕಾಲರ್‌ಶಿಪ್ ಉಳಿಯುತ್ತದೆಯೇ, ಆಸ್ಪತ್ರೆಯ ಬಿಲ್ಲು ಯಾರು ಕಟ್ಟುತ್ತಾರೆ, ತಂಡದ ವೈದ್ಯರು ಯಾರ ಮಾತಿಗೆ ತಲೆಬಾಗುತ್ತಾರೆ, ಮನೆಯಲ್ಲಿ ಕಾಸಿದೆಯೇ ಎಂಬ ಪ್ರಶ್ನೆಗಳ ಉತ್ತರವೇ ಬಹುಪಾಲು ಸಲ ಯಾರು ಸರಿಯಬಲ್ಲರು ಎಂಬುದನ್ನು ತೀರ್ಮಾನಿಸುತ್ತದೆ.

ನನ್ನ ಕಣ್ಣಲ್ಲಿ ಇದನ್ನು ಎಲ್ಲಕ್ಕಿಂತ ಚೆನ್ನಾಗಿ ತೋರಿಸುವುದು ಎಲೀನಾ ಡೆಲ್ಲೆ ಡಾನ್ ಅವರ ಪ್ರಕರಣ.

2008ರಲ್ಲಿ ಆಕೆ ಅಮೆರಿಕದ ಹೈಸ್ಕೂಲು ಹುಡುಗಿಯರಲ್ಲಿ ನಂಬರ್ ಒನ್ ಆಟಗಾರ್ತಿ. ಆರಡಿ ಐದಿಂಚು ಎತ್ತರ, ಆ ಎತ್ತರದವರಲ್ಲಿ ಅಪರೂಪವಾದ ನಯವಾದ ಕೈ. ಇನ್ನೂ ಏಳನೇ ತರಗತಿಯಲ್ಲಿದ್ದಾಗಲೇ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯ ಸ್ಕಾಲರ್‌ಶಿಪ್ ಕೊಡುವ ಮಾತಾಡಿತ್ತು. ಕೊನೆಗೆ ಆಕೆ ಆರಿಸಿಕೊಂಡದ್ದು ಜೀನೊ ಔರಿಯೆಮ್ಮಾ ಕೋಚ್ ಆಗಿದ್ದ ಕನೆಟಿಕಟ್ ವಿಶ್ವವಿದ್ಯಾಲಯವನ್ನು. ಮಹಿಳಾ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಆಗ ಅದಕ್ಕಿಂತ ದೊಡ್ಡ ವಿಳಾಸವಿರಲಿಲ್ಲ. ಜೂನ್‌ನಲ್ಲಿ ಬೇಸಿಗೆ ತರಗತಿಗೆಂದು ಕ್ಯಾಂಪಸ್‌ಗೆ ಹೋದವರು ಎರಡೇ ದಿನಕ್ಕೆ ಡೆಲವೇರ್ ರಾಜ್ಯದ ವಿಲ್ಮಿಂಗ್ಟನ್‌ನಲ್ಲಿದ್ದ ಮನೆಗೆ ವಾಪಸಾದರು. ಆಗಸ್ಟ್ ಹೊತ್ತಿಗೆ ಕನೆಟಿಕಟ್ ಬಿಟ್ಟದ್ದು ಖಚಿತವಾಯಿತು. ಮನೆಗೆ ಹತ್ತಿರದ ಡೆಲವೇರ್ ವಿಶ್ವವಿದ್ಯಾಲಯ ಸೇರಿ, ಬ್ಯಾಸ್ಕೆಟ್‌ಬಾಲ್ ಮುಟ್ಟದೆ, ವಾಲಿಬಾಲ್ ತಂಡದಲ್ಲಿ ಆಡತೊಡಗಿದರು.

ಕ್ರೀಡಾಪುಟಗಳಿಗೆ ಇದು ಅರಗಲಿಲ್ಲ. ಕೈಗೆ ಬಂದ ತುತ್ತನ್ನು ಯಾರಾದರೂ ಹೀಗೆ ಚೆಲ್ಲುತ್ತಾರೆಯೇ ಎಂಬ ಧಾಟಿಯ ಬರಹಗಳು ಬಂದವು. ಹಿಂದಿನ ಕಾರಣ ಮಾತ್ರ ಸರಳವಾಗಿತ್ತು. ಚಿಕ್ಕಂದಿನಿಂದ ನಿಲ್ಲದೆ ಆಡಿ ಆಡಿ ಆಟವೇ ಸಾಕಾಗಿಹೋಗಿತ್ತು. ಹದಿಮೂರನೇ ವಯಸ್ಸಿನ ಹೊತ್ತಿಗೇ ಆ ದಣಿವು ಶುರುವಾಗಿತ್ತು ಎಂದು ಆಕೆ ಆಮೇಲೆ ಹೇಳಿಕೊಂಡರು. ಜೊತೆಗೆ ಅಕ್ಕ. ಹುಟ್ಟಿನಿಂದಲೇ ಕಣ್ಣು ಕಾಣದ, ಕಿವಿ ಕೇಳದ, ಸೆರೆಬ್ರಲ್ ಪಾಲ್ಸಿ ಮತ್ತು ಆಟಿಸಂ ಇರುವ ಅಕ್ಕನಿಗೆ ತಂಗಿಯ ಗುರುತು ಸಿಗುವುದು ಸ್ಪರ್ಶದಿಂದ, ವಾಸನೆಯಿಂದ. ಬೇರೆ ಮಕ್ಕಳು ಹಾಸ್ಟೆಲ್‌ನಿಂದ ಫೋನ್ ಮಾಡಿ ಮನೆಯ ಹಂಬಲ ತೀರಿಸಿಕೊಳ್ಳುತ್ತಾರೆ. ಇಲ್ಲಿ ಫೋನಿನಿಂದ ಆಗುವಂಥದ್ದು ಏನೂ ಇರಲಿಲ್ಲ. ಅಕ್ಕನ ಜೊತೆಗಿರಬೇಕಾದರೆ ಅಕ್ಕನ ಪಕ್ಕದಲ್ಲೇ ಇರಬೇಕು.

ಬಿಟ್ಟದ್ದು ಎಷ್ಟು ದೊಡ್ಡದು ಎಂಬುದಕ್ಕೆ ಒಂದು ಲೆಕ್ಕ ಸಾಕು. ಆಕೆ ಹೊರಬಂದ ಕನೆಟಿಕಟ್ ತಂಡ ಮುಂದಿನ ಎರಡು ಸೀಸನ್‌ಗಳಲ್ಲಿ ಒಂದೂ ಪಂದ್ಯ ಸೋಲಲಿಲ್ಲ. ಸೀಸನ್ನಿಗೆ 39ರಂತೆ ಎರಡು ಸಲ 39 ಗೆದ್ದು ಎರಡೂ ವರ್ಷ ರಾಷ್ಟ್ರೀಯ ಚಾಂಪಿಯನ್ ಆಯಿತು. ಆ ಹೊತ್ತಿಗೆ ಈಕೆ 2009ರಲ್ಲಿ ತಾವಾಗಿಯೇ ಬ್ಯಾಸ್ಕೆಟ್‌ಬಾಲ್‌ಗೆ ಮರಳಿ, ಯಾರೂ ಲೆಕ್ಕಕ್ಕೆ ಹಿಡಿಯದ ಡೆಲವೇರ್ ತಂಡದಲ್ಲಿ ಆಡುತ್ತಿದ್ದರು. 2011-12ರಲ್ಲಿ ಪಂದ್ಯಕ್ಕೆ ಸರಾಸರಿ 28.1 ಅಂಕ ಗಳಿಸಿ ಇಡೀ ದೇಶಕ್ಕೇ ಮುಂದಿದ್ದರು. 2013ರಲ್ಲಿ ಅದೇ ಸಣ್ಣ ತಂಡ ರಾಷ್ಟ್ರೀಯ ಟೂರ್ನಿಯ ಕೊನೆಯ ಹದಿನಾರರ ಸುತ್ತು ಮುಟ್ಟಿತು. ಅದೇ ವರ್ಷ ವೃತ್ತಿಪರ ಲೀಗ್ ಡಬ್ಲ್ಯುಎನ್‌ಬಿಎಯ ತಂಡಗಳು ಹೊಸಬರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಎರಡನೆಯವರಾಗಿ ಆಯ್ಕೆ, 2015 ಮತ್ತು 2019ರಲ್ಲಿ ಲೀಗಿನ ಅತ್ಯಮೂಲ್ಯ ಆಟಗಾರ್ತಿ, 2016ರಲ್ಲಿ ರಿಯೊ ಒಲಿಂಪಿಕ್ಸ್ ಚಿನ್ನ. 2025ರ ಏಪ್ರಿಲ್‌ನಲ್ಲಿ ನಿವೃತ್ತಿ.

ಹಿಂದೆ ಸರಿದರೂ ಕೊನೆಗೆ ಎಲ್ಲ ಒಳ್ಳೆಯದೇ ಆಗುತ್ತದೆ ಎಂದು ಹೇಳಲು ಈ ಕಥೆಯನ್ನು ಬಳಸುವವರಿದ್ದಾರೆ. ಹಾಗೆ ಓದುವುದು ತಪ್ಪು. ಆಕೆಯ ತಂದೆ ರಿಯಲ್ ಎಸ್ಟೇಟ್ ಉದ್ಯಮಿ. ಸ್ಕಾಲರ್‌ಶಿಪ್ ಹೋದರೆ ಓದು ನಿಲ್ಲುತ್ತದೆ ಎಂಬ ಭಯ ಆ ಮನೆಗಿರಲಿಲ್ಲ. ಹತ್ತಿರದಲ್ಲೇ ಇನ್ನೊಂದು ವಿಶ್ವವಿದ್ಯಾಲಯವಿತ್ತು. ನಿಯಮವೂ ಆಕೆಯ ಪರವಾಗಿ ಕೂಡಿಬಂತು. ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎಯ ದಶಕಗಳ ಲೆಕ್ಕಾಚಾರದಲ್ಲಿ, ಕಾಲೇಜು ಸೇರಿದ ದಿನದಿಂದ ಐದು ವರ್ಷದೊಳಗೆ ಒಂದು ಕ್ರೀಡೆಯಲ್ಲಿ ನಾಲ್ಕು ಸೀಸನ್ ಆಡಬೇಕು. 2008ರಿಂದ 2013ಕ್ಕೆ ಐದು ವರ್ಷ. ಆಡದೆ ಉಳಿದ ಒಂದು ವರ್ಷ, ಆಡಿದ ನಾಲ್ಕು ವರ್ಷ. ಗಡಿಯಾರದ ಮುಳ್ಳು ಕರಾರುವಾಕ್ಕಾಗಿ ಹೊಂದಿಕೊಂಡಿತು. ಆ ಮೊದಲ ವರ್ಷದ ಬದಲು ಎರಡು ವರ್ಷ ಬೇಕಾಗಿದ್ದರೆ ಒಂದು ಸೀಸನ್ ಕೈತಪ್ಪುತ್ತಿತ್ತು.

ಇಲ್ಲಿಯೇ ಎನ್‌ಸಿಎಎ ನಿಯಮಪುಸ್ತಕದ ಒಂದು ಕವಲು ದಾರಿಯನ್ನು ಬಿಡಿಸಿ ನೋಡಬೇಕು. ಇಡೀ ವಿಷಯದ ತಿರುಳು ಇರುವುದು ಅಲ್ಲೇ. ಆಟಗಾರರಿಗೆ ಕೊಟ್ಟ ಸ್ಕಾಲರ್‌ಶಿಪ್‌ನ್ನು ಅದರ ಅವಧಿಯ ನಡುವೆ ಗಾಯ, ಕಾಯಿಲೆ, ದೈಹಿಕ ಅಥವಾ ಮಾನಸಿಕ ವೈದ್ಯಕೀಯ ಸ್ಥಿತಿಯ ನೆಪದಲ್ಲಿ ಕಿತ್ತುಕೊಳ್ಳುವಂತಿಲ್ಲ. ಆದರೆ ಆಟಗಾರರು ವೈಯಕ್ತಿಕ ಕಾರಣಕ್ಕೆ ತಾವಾಗಿಯೇ ಆಟ ಬಿಟ್ಟರೆ ಅದನ್ನು ರದ್ದು ಮಾಡಲು ಕಾಲೇಜಿಗೆ ದಾರಿಯಿದೆ. ಆರೋಗ್ಯದ ಕಾರಣಕ್ಕೆ ಕೂತ ಹುಡುಗನ ಫೀಸು, ಊಟ, ವಸತಿ ಉಳಿಯುತ್ತವೆಯೇ ಎಂಬುದು ಕಡತದಲ್ಲಿ ಅದನ್ನು ಯಾವ ಖಾನೆಗೆ ಬರೆದರು ಎಂಬುದರ ಮೇಲಿದೆ. ಮುರಿದ ಮೂಳೆಗೆ ಎಕ್ಸ್‌ರೇ ಸಾಕ್ಷಿ. ಎದೆಬಡಿತದ ಏರುಪೇರಿಗೆ ಇಸಿಜಿ ಸಾಕ್ಷಿ. ಬೆಳಗ್ಗೆ ಹಾಸಿಗೆಯಿಂದ ಏಳಲಾಗುತ್ತಿಲ್ಲ, ಚೆಂಡು ಕಂಡರೆ ಹೊಟ್ಟೆ ತೊಳಸುತ್ತದೆ ಎನ್ನುವ ಹದಿನೆಂಟರ ಮಗುವಿಗೆ ಸಾಕ್ಷಿ ಯಾವುದು? ಮನೋವೈದ್ಯರ ಒಂದು ಹಾಳೆ. ಆ ಹಾಳೆ ಪಡೆಯಲು ಮೊದಲು ಬಾಯಿಬಿಟ್ಟು ಹೇಳಬೇಕು. ಸಾಮಾನ್ಯವಾಗಿ ಆ ವಯಸ್ಸಿನ ಆಟಗಾರರಿಂದ ಆಗದ್ದು ಅದೊಂದೇ. 2008ರ ಡೆಲ್ಲೆ ಡಾನ್ ಅವರ ಸ್ಥಿತಿಯನ್ನು ಯಾವ ಅಧಿಕಾರಿಯಾದರೂ ಕಣ್ಣುಮುಚ್ಚಿ ವೈಯಕ್ತಿಕ ಎಂಬ ಖಾನೆಗೇ ಬರೆಯುತ್ತಿದ್ದರು.

ಅದೇ ವರ್ಷ ಆಕೆಗೆ ಲೈಮ್ ಕಾಯಿಲೆ ಇರುವುದೂ ಗೊತ್ತಾಯಿತು. ಉಣ್ಣಿ ಹುಳುವಿನ ಕಡಿತದಿಂದ ಬರುವ ಸೋಂಕು ಅದು. ಮುಂದೆ ಅದು ಮರಳಿ ಮರಳಿ ಕಾಡಿ ಕಾಲೇಜಿನಲ್ಲಿ ಹಲವು ಪಂದ್ಯಗಳನ್ನು ನುಂಗಿತು. ಒಬ್ಬರಲ್ಲೇ ಎರಡೂ ಬಗೆ ಇದ್ದವು: ಹೆಸರಿಲ್ಲದ ದಣಿವು, ಹೆಸರಿರುವ ರೋಗ. ಹೆಸರಿರುವ ರೋಗವಾದರೂ ನಂಬಿಕೆ ಗಳಿಸಿತೇ ಎಂದರೆ, ಅದೂ ಇಲ್ಲ. 2020ರ ಕೋವಿಡ್ ಕಾಲದಲ್ಲಿ ಡಬ್ಲ್ಯುಎನ್‌ಬಿಎ ತನ್ನ ಸೀಸನ್ನನ್ನು ಫ್ಲಾರಿಡಾದ ಬ್ರಾಡೆಂಟನ್‌ನಲ್ಲಿ ಎಲ್ಲರನ್ನೂ ಒಂದೆಡೆ ಕೂಡಿಹಾಕಿ ನಡೆಸಿತು. ಅಪಾಯದ ಅಂಚಿನಲ್ಲಿರುವವರಿಗೆ ಪೂರ್ತಿ ಸಂಬಳದ ವಿನಾಯಿತಿ, ಉಳಿದವರು ಬಾರದಿದ್ದರೆ ಸಂಬಳವಿಲ್ಲ. ಡೆಲ್ಲೆ ಡಾನ್ ಅವರ ಸ್ವಂತ ವೈದ್ಯರು ಆಡುವುದು ಬೇಡವೆಂದಿದ್ದರೂ ಲೀಗ್‌ನ ವೈದ್ಯರ ಸಮಿತಿ ವಿನಾಯಿತಿ ಕೊಡಲಿಲ್ಲ. ದಿನಕ್ಕೆ 64 ಮಾತ್ರೆ ನುಂಗುವ ತನ್ನನ್ನು ನಂಬಲಿಲ್ಲವಲ್ಲ ಎಂದು ಆಕೆ ನೊಂದು ಬರೆದರು. ಹಿಂದಿನ ವರ್ಷವಷ್ಟೇ ಬೆನ್ನುಮೂಳೆಯ ಮೂರು ಡಿಸ್ಕ್ ಜಾರಿದ್ದರೂ ಫೈನಲ್ ಆಡಿ ಕಪ್ ಗೆಲ್ಲಿಸಿದ್ದವರು ಅವರು. ಕೊನೆಗೆ ಅವರ ತಂಡ ವಾಷಿಂಗ್ಟನ್ ಮಿಸ್ಟಿಕ್ಸ್ ತಾನೇ ಸಂಬಳ ಕೊಡಲು ಒಪ್ಪಿತು. ಎರಡು ಸಲ ಅತ್ಯಮೂಲ್ಯ ಆಟಗಾರ್ತಿಯಾದವರ ಪಾಡೇ ಇದು. ಬೆಂಚಿನ ತುದಿಯಲ್ಲಿ ಕೂರುವ ಹೊಸ ಹುಡುಗಿಯ ಪಾಡನ್ನು ಊಹಿಸಿಕೊಳ್ಳಬಹುದು.

ಸರಿಯಲಾಗದವರ ಕಥೆಗೆ ಬಂದರೆ ಮೊದಲು ನೆನಪಾಗುವ ಹೆಸರು ಹ್ಯಾಂಕ್ ಗ್ಯಾದರ್ಸ್. ಫಿಲಡೆಲ್ಫಿಯಾದ ಬಡ ಬಡಾವಣೆಯಿಂದ ಬಂದವರು. ಲಾಸ್ ಏಂಜಲೀಸ್‌ನ ಲೊಯೊಲಾ ಮೇರಿಮೌಂಟ್ ಪರ ಆಡುತ್ತ 1988-89ರಲ್ಲಿ ಅಂಕ ಗಳಿಕೆಯಲ್ಲೂ ರಿಬೌಂಡ್‌ನಲ್ಲೂ ಇಡೀ ದೇಶಕ್ಕೆ ಮೊದಲಿಗರಾಗಿದ್ದರು. 1989ರ ಡಿಸೆಂಬರ್‌ನಲ್ಲಿ ಪಂದ್ಯದ ನಡುವೆ ಫ್ರೀ ಥ್ರೋ ಗೆರೆಯಲ್ಲಿ ಕುಸಿದರು. ಎದೆಬಡಿತದ ತೊಂದರೆ ಎಂದು ಗೊತ್ತಾಗಿ ಮಾತ್ರೆ ಶುರುವಾಯಿತು. ಕೆಲವೇ ವಾರಗಳಲ್ಲಿ ಮತ್ತೆ ಅಂಕಣಕ್ಕೆ. ಮಾತ್ರೆ ತಿಂದರೆ ಮೈ ಭಾರ, ಆಟ ಮಂಕು. ಡೋಸ್ ಕಡಿಮೆ ಮಾಡಿಸಿಕೊಂಡರು. ಕೆಲವೇ ತಿಂಗಳಲ್ಲಿ ಪುರುಷರ ವೃತ್ತಿಪರ ಲೀಗ್ ಎನ್‌ಬಿಎಯ ಡ್ರಾಫ್ಟ್, ಅದರ ಹಿಂದೆ ಇಡೀ ಮನೆಯನ್ನು ಎತ್ತಿ ನಿಲ್ಲಿಸುವಷ್ಟು ಹಣ. 1990ರ ಮಾರ್ಚ್ 4ರಂದು ಕಾನ್ಫರೆನ್ಸ್ (ತಮ್ಮತಮ್ಮಲ್ಲಿ ಆಡುವ ಕಾಲೇಜುಗಳ ಗುಂಪು) ಟೂರ್ನಿಯ ಪಂದ್ಯದಲ್ಲಿ ಚೆಂಡನ್ನು ಬುಟ್ಟಿಗೆ ಬಡಿದ ಸ್ವಲ್ಪ ಹೊತ್ತಿಗೆ ಮತ್ತೆ ಕುಸಿದರು, ಉಳಿಯಲಿಲ್ಲ. ಇಪ್ಪತ್ಮೂರು ವರ್ಷ. ಆ ಹುಡುಗನಿಗೆ ಧೈರ್ಯ ಕಡಿಮೆಯಿತ್ತು ಎಂದು ಯಾರಾದರೂ ಹೇಳಬಲ್ಲರೇ? ನಿಲ್ಲಿಸಿದರೆ ಕೈತಪ್ಪುವುದು ತೀರಾ ದೊಡ್ಡದಿತ್ತು, ಅಷ್ಟೇ.

ಇದಕ್ಕೆ ತದ್ವಿರುದ್ಧವಾದ ಮೊಕದ್ದಮೆಯೊಂದಿದೆ. ಇಲಿನಾಯ್ಸ್‌ನ ನಿಕೊಲಸ್ ನ್ಯಾಪ್ ಎಂಬ ಆಟಗಾರನನ್ನು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯ ಆಯ್ಕೆ ಮಾಡಿತ್ತು. 1994ರಲ್ಲಿ, ಹೈಸ್ಕೂಲಿನ ಕೊನೆಯ ವರ್ಷದಲ್ಲಿ, ಆಡುವಾಗಲೇ ಹೃದಯ ನಿಂತುಹೋಯಿತು. ಬದುಕಿಸಿದರು, ದೇಹದೊಳಗೆ ಎದೆಬಡಿತ ಸರಿಪಡಿಸುವ ಡಿಫಿಬ್ರಿಲೇಟರ್ ಅಳವಡಿಸಿದರು. ವಿಶ್ವವಿದ್ಯಾಲಯ ಕೊಟ್ಟ ಮಾತಿನಂತೆ ಸ್ಕಾಲರ್‌ಶಿಪ್ ಉಳಿಸಿಕೊಂಡಿತು, ಆದರೆ ಅಂಕಣಕ್ಕೆ ಇಳಿಸಲಿಲ್ಲ. ಆಡುವ ಹಕ್ಕು ನನ್ನದು, ಅಪಾಯ ನಾನು ಹೊರುತ್ತೇನೆ ಎಂದು ಹುಡುಗ ಕೋರ್ಟಿಗೆ ಹೋದ. ಕೆಳಗಿನ ಕೋರ್ಟು ಆತನ ಪರ ತೀರ್ಪಿತ್ತಿತು. 1996ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿ, ಸರಿಯಾದ ವೈದ್ಯಕೀಯ ಆಧಾರವಿದ್ದರೆ ಕಾಲೇಜು ತಡೆಯಬಹುದು ಎಂದಿತು. ಆಡಬೇಡ, ಆದರೆ ಓದು ನಿಲ್ಲದು ಎಂದ ನಾರ್ತ್‌ವೆಸ್ಟರ್ನ್ ನಡೆ ನನಗೆ ಸರಿ ಎನಿಸುತ್ತದೆ. ಆದರೆ ಅದೇ ವ್ಯವಸ್ಥೆ ದುರುಪಯೋಗವೂ ಆಗಬಲ್ಲದು. ಆರೋಗ್ಯದ ಕಾರಣಕ್ಕೆ ಇನ್ನೆಂದೂ ಆಡುವುದಿಲ್ಲ ಎಂದು ಬರೆದುಬಿಟ್ಟರೆ ಆ ಸ್ಕಾಲರ್‌ಶಿಪ್ ತಂಡದ ಮಿತಿಯ ಲೆಕ್ಕಕ್ಕೆ ಬರುತ್ತಿರಲಿಲ್ಲ. ಬೇಡವಾದವರನ್ನು ಹೀಗೆ ಕಾಗದದ ಮೇಲೆ ರೋಗಿಗಳನ್ನಾಗಿಸಿ ಜಾಗ ಖಾಲಿ ಮಾಡಿಸಿದ ಆರೋಪ ಕೆಲವು ದೊಡ್ಡ ಫುಟ್‌ಬಾಲ್ ತಂಡಗಳ ಮೇಲೆ ಬಂದಿತ್ತು.

ಹಾಗಾಗಿ ವೈದ್ಯರು ಯಾರ ಮನುಷ್ಯ ಎಂಬ ಪ್ರಶ್ನೆ ಏಳುತ್ತದೆ. ಐದು ದೊಡ್ಡ ಕಾನ್ಫರೆನ್ಸ್‌ಗಳು 2016ರಲ್ಲಿ ಒಪ್ಪಿದ ನಿಯಮದ ಪ್ರಕಾರ ಆಟಗಾರ ಆಡಬಹುದೇ ಎಂಬ ವಿಷಯದಲ್ಲಿ ತಂಡದ ವೈದ್ಯರು ಮತ್ತು ಅಥ್ಲೆಟಿಕ್ ಟ್ರೈನರ್‌ಗಳ ಮಾತೇ ಕೊನೆಯದು, ಕೋಚ್ ಅದರಲ್ಲಿ ಕೈಹಾಕುವಂತಿಲ್ಲ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಆ ವೈದ್ಯರ ನೇಮಕ ಅದೇ ಕ್ರೀಡಾ ವಿಭಾಗದ ಕಾರಿಡಾರಿನಲ್ಲಿ ನಡೆಯುತ್ತದೆ, ಆ ಕಾರಿಡಾರಿನಲ್ಲಿ ಅತಿ ಹೆಚ್ಚು ಸಂಬಳದವರು ಕೋಚ್. ಮುಲಾಜು ಎಂಬುದು ನಿಯಮಪುಸ್ತಕಕ್ಕೆ ಹೆದರುವುದಿಲ್ಲ.

ಸ್ಕಾಲರ್‌ಶಿಪ್ ವಿಷಯದಲ್ಲಿ ಕಾಲ ಸುಧಾರಿಸಿದೆ ಎನ್ನಲೇಬೇಕು. 1973ರಲ್ಲಿ ಎನ್‌ಸಿಎಎ ಅದನ್ನು ವರ್ಷ ವರ್ಷ ನವೀಕರಿಸುವ ಪದ್ಧತಿಗೆ ಇಳಿಸಿತ್ತು. ಹಾಗೆಂದರೆ ಕಾಯಿಲೆ ಬಿದ್ದವರನ್ನು ನಡುವೆ ತೆಗೆಯದಿದ್ದರೂ ವರ್ಷದ ಕೊನೆಗೆ ಸುಮ್ಮನೆ ನವೀಕರಿಸದೆ ಬಿಡಬಹುದಿತ್ತು. 2012ರಲ್ಲಿ ಹಲವು ವರ್ಷದ ಸ್ಕಾಲರ್‌ಶಿಪ್‌ಗೆ ಮತ್ತೆ ಅವಕಾಶವಾಯಿತು. 2015ರಲ್ಲಿ ಐದು ದೊಡ್ಡ ಕಾನ್ಫರೆನ್ಸ್‌ಗಳು ಆಟದ ಕಾರಣಕ್ಕೆ ಅದನ್ನು ಕಸಿಯುವುದನ್ನು ನಿಷೇಧಿಸಿದವು. 2024ರ ಆಗಸ್ಟ್‌ನಿಂದ ಎನ್‌ಸಿಎಎಯ ಅತಿ ಮೇಲಿನ ಹಂತವಾದ ಮೊದಲ ಡಿವಿಜನ್‌ನ ಎಲ್ಲ ಕಾಲೇಜುಗಳಿಗೂ ಸ್ಕಾಲರ್‌ಶಿಪ್ ರಕ್ಷಣೆ, ಮಾನಸಿಕ ಆರೋಗ್ಯ ಸೇವೆ, ಆಟದಿಂದಾದ ಗಾಯಕ್ಕೆ ಕಾಲೇಜು ಬಿಟ್ಟ ಮೇಲೂ ಎರಡು ವರ್ಷ ಚಿಕಿತ್ಸೆಯ ವೆಚ್ಚ ಕಡ್ಡಾಯ.

ಇನ್ನೊಂದು ಕೈ ಅಷ್ಟೇ ವೇಗದಲ್ಲಿ ಇದನ್ನೆಲ್ಲ ಹಿಂದಕ್ಕೆ ಎಳೆಯುತ್ತಿದೆ. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು, ಮುಖವನ್ನು ಜಾಹೀರಾತಿಗೆ ಕೊಟ್ಟು ಹಣ ಮಾಡಬಹುದು. 2025ರ ಜೂನ್‌ನಲ್ಲಿ ಕೋರ್ಟು ಒಪ್ಪಿದ ರಾಜಿ ಒಪ್ಪಂದದ ನಂತರ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು; ಮೊದಲ ವರ್ಷಕ್ಕೆ ಒಂದು ಕಾಲೇಜಿನ ಒಟ್ಟು ಮಿತಿ ಸುಮಾರು 2.05 ಕೋಟಿ ಡಾಲರ್. ದಶಕಗಟ್ಟಲೆ ಪುಕ್ಕಟೆ ದುಡಿಸಿಕೊಂಡ ಮೇಲೆ ಇದು ನ್ಯಾಯವೇ. ಆದರೆ ಹಣದ ಜೊತೆ ಕರಾರು ಬಂತು, ಕರಾರಿನ ಜೊತೆ ಷರತ್ತು ಬಂತು. ಸ್ಕಾಲರ್‌ಶಿಪ್‌ಗೆ ಇರುವ ರಕ್ಷಣೆ ಈ ಹಣಕ್ಕೆ ತಾನಾಗಿ ಅಂಟಿಕೊಳ್ಳುವುದಿಲ್ಲ. ಆರು ತಿಂಗಳು ಆರೋಗ್ಯದ ರಜೆ ಹಾಕಿದರೆ ಕಂತು ನಿಲ್ಲುತ್ತದೆಯೇ, ಪಡೆದದ್ದನ್ನು ವಾಪಸ್ ಕೊಡಬೇಕೇ ಎಂಬುದೆಲ್ಲ ಸಹಿ ಹಾಕಿದ ಹಾಳೆಯಲ್ಲಿ ಏನು ಬರೆದಿದೆ ಎಂಬುದರ ಮೇಲೆ ನಿಂತಿದೆ. ಅದೇ ಒಪ್ಪಂದದಡಿ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ 15 ಜನರ ಮಿತಿ. ಕಾಲೇಜು ಬದಲಿಸುವವರು ಹೆಸರು ಬರೆಸುವ ಟ್ರಾನ್ಸ್‌ಫರ್ ಪೋರ್ಟಲ್ ತೆರೆಯುತ್ತಿದ್ದಂತೆ ಇನ್ನೊಂದು ಕಾಲೇಜಿನ ಇಪ್ಪತ್ತೆರಡರ ಪಳಗಿದ ಆಟಗಾರ ಸಿಗುವಾಗ, ಹದಿನೆಂಟರ ಹುಡುಗನಿಗಾಗಿ ಒಂದು ಜಾಗ ಕಾಯ್ದಿರಿಸಲು ಯಾವ ಕೋಚ್‌ಗೆ ವ್ಯವಧಾನವಿದೆ? ಹೊರಡುವ ಬಾಗಿಲು ಮೊದಲಿಗಿಂತ ಸಲೀಸಾಗಿದೆ. ಮರಳಿ ಬರುವ ಬಾಗಿಲು ಕಿರಿದಾಗಿದೆ.

ಇನ್ನು ಆ ಎರಡು ಸಾಲಿನ ಹೇಳಿಕೆ ಅಷ್ಟು ಮೊಟಕಾಗಿರುವುದೇಕೆ? ಒಂದು ಕಾರಣ ಕಾನೂನು. ವಿದ್ಯಾರ್ಥಿಯ ದಾಖಲೆ ಮತ್ತು ರೋಗಿಯ ದಾಖಲೆ ಎರಡಕ್ಕೂ ಅಲ್ಲಿ ಗೋಪ್ಯತೆಯ ಕಾಯ್ದೆಗಳಿವೆ. ಇನ್ನೊಂದು ಕಾರಣ ಹೊಸದು, ಕೊಳಕಾದದ್ದು. 2018ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನಿಂದ ಕ್ರೀಡಾ ಬೆಟ್ಟಿಂಗ್ ರಾಜ್ಯಗಳ ಇಚ್ಛೆಗೆ ಬಿಟ್ಟ ವಿಷಯವಾಯಿತು, ಈಗ ಮೂವತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಅದು ಅಧಿಕೃತ. ಯಾರ ಮಂಡಿ ನೋಯುತ್ತಿದೆ, ಯಾರು ಕೌನ್ಸೆಲಿಂಗ್‌ಗೆ ಹೋಗುತ್ತಿದ್ದಾರೆ ಎಂಬ ಮಾಹಿತಿಗೂ ಬೆಲೆ ಬಂದಿದೆ. ಮಾಹಿತಿ ಕದ್ದು ಸೋರಿಹೋಗದಿರಲಿ ಎಂದು ಕೆಲವು ಕಾನ್ಫರೆನ್ಸ್‌ಗಳು ಪಂದ್ಯಕ್ಕೆ ಮುನ್ನ ಯಾರು ಆಡುತ್ತಾರೆ, ಯಾರು ಆಡುವುದಿಲ್ಲ ಎಂಬ ಪಟ್ಟಿಯನ್ನೇ ಪ್ರಕಟಿಸುತ್ತವೆ. ಬಾಜಿ ಸೋತವರು ಆಟಗಾರರ ಫೋನಿಗೆ ಬೈಗುಳ ಕಳಿಸುವುದು ಎಷ್ಟು ಹೆಚ್ಚಿದೆಯೆಂದರೆ, ಒಬ್ಬೊಬ್ಬ ಆಟಗಾರನ ಮೇಲೆ ಕಟ್ಟುವ ಬಾಜಿಯನ್ನೇ ನಿಲ್ಲಿಸಿ ಎಂದು ಎನ್‌ಸಿಎಎ ಅಧ್ಯಕ್ಷ ಚಾರ್ಲಿ ಬೇಕರ್ 2024ರಿಂದ ರಾಜ್ಯಗಳನ್ನು ಒತ್ತಾಯಿಸುತ್ತಿದ್ದಾರೆ. ಇಂಥ ವಾತಾವರಣದಲ್ಲಿ ಕಾಯಿಲೆಯ ಹೆಸರು ಹೇಳದಿರುವುದೇ ವಿವೇಕ. ತಿಳಿಯುವ ಹಕ್ಕು ನಮಗಿದೆ ಎಂದು ಪಟ್ಟು ಹಿಡಿಯುವ ಅಭಿಮಾನಿಗಳ ಬಗ್ಗೆ ನನಗೆ ಕನಿಕರವಿಲ್ಲ.

ಹೇಳಿಕೊಂಡವರಿಗೂ ಒಂದೇ ಬಗೆಯ ಮರ್ಯಾದೆ ಸಿಗುವುದಿಲ್ಲ. ಎನ್‌ಬಿಎ ತಾರೆ ಲೆಬ್ರಾನ್ ಜೇಮ್ಸ್ ಮಗ ಬ್ರಾನಿ ಜೇಮ್ಸ್ 2023ರ ಜುಲೈ 24ರಂದು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಅಭ್ಯಾಸದ ವೇಳೆ ಹೃದಯ ಸ್ತಂಭನವಾಗಿ ಬಿದ್ದರು. ಮೊದಲ ಕಾಲೇಜು ಪಂದ್ಯ ಇನ್ನೂ ದೂರವಿತ್ತು. ಹುಟ್ಟಿನಿಂದ ಬಂದ ಹೃದಯದೋಷವೆಂದು ಕುಟುಂಬ ತಿಳಿಸಿತು, ಚಿಕಿತ್ಸೆಯಾಗಿ ಡಿಸೆಂಬರ್ 10ರಂದು ಅಂಕಣಕ್ಕೆ ಮರಳಿದರು. ಆ ನಾಲ್ಕೂವರೆ ತಿಂಗಳು ಇಡೀ ದೇಶ ಆತನಿಗಾಗಿ ಹರಸಿತು. ಎನ್‌ಬಿಎಗೆ 2012ರಲ್ಲಿ 16ನೆಯವರಾಗಿ ಆಯ್ಕೆಯಾದ ರಾಯ್ಸ್ ವೈಟ್‌ಗೆ ಇದ್ದದ್ದು ಆತಂಕದ ಕಾಯಿಲೆ ಮತ್ತು ವಿಮಾನದ ಭಯ. ಮಾನಸಿಕ ಆರೋಗ್ಯಕ್ಕೆ ಲಿಖಿತ ವ್ಯವಸ್ಥೆ ಬೇಕೆಂದು ಅವರು ತಂಡದೊಂದಿಗೆ ಹಗ್ಗಜಗ್ಗಾಟಕ್ಕೆ ಇಳಿದರು. ತಮ್ಮನ್ನು ಆರಿಸಿದ್ದ ಹ್ಯೂಸ್ಟನ್ ಪರ ಒಂದೂ ಪಂದ್ಯ ಆಡಲಿಲ್ಲ, ಎನ್‌ಬಿಎಯಲ್ಲಿ ಒಟ್ಟಾರೆ ಆಡಿದ್ದು ಮೂರು ಪಂದ್ಯ. 2018ರಲ್ಲಿ ಡಿಮಾರ್ ಡಿರೋಜನ್ ಮತ್ತು ಕೆವಿನ್ ಲವ್‌ರಂಥ ತಾರೆಯರು ಬಾಯಿಬಿಟ್ಟ ಮೇಲೆಯೇ ಲೀಗ್ ಎದ್ದು ಕೂತದ್ದು. 2019-20ರಿಂದ ಪ್ರತಿ ತಂಡಕ್ಕೂ ಮಾನಸಿಕ ಆರೋಗ್ಯ ತಜ್ಞರು ಕಡ್ಡಾಯವಾದರು. ವೈಟ್ ಕೇಳಿದಾಗ ಅವರನ್ನು ತಂಟೆಕೋರ ಎಂದಿದ್ದರು.

ಇಲ್ಲಿಂದ ಟೆನಿಸ್, ಈಜು, ಅಥ್ಲೆಟಿಕ್ಸ್ ಸ್ಕಾಲರ್‌ಶಿಪ್ ಹಿಡಿದು ಅಮೆರಿಕಕ್ಕೆ ಮಕ್ಕಳನ್ನು ಕಳಿಸಲು ಯೋಚಿಸುವ ತಂದೆತಾಯಿಗಳಿಗೆ ಇದರಲ್ಲಿ ಒಂದು ಹೆಚ್ಚಿನ ಗಂಟಿದೆ. ಎಫ್-1 ವೀಸಾದಲ್ಲಿರುವ ಪದವಿ ವಿದ್ಯಾರ್ಥಿ ಸೆಮಿಸ್ಟರಿಗೆ ಸಾಮಾನ್ಯವಾಗಿ 12 ಕ್ರೆಡಿಟ್ ಓದಲೇಬೇಕು. ಕಾಯಿಲೆಯ ಕಾರಣಕ್ಕೆ ಕಡಿಮೆ ಮಾಡಬಹುದು. ಅದಕ್ಕೆ ವೈದ್ಯರ ಪತ್ರ ಬೇಕು, ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯ ಒಪ್ಪಿಗೆಯನ್ನು ಮೊದಲೇ ಪಡೆಯಬೇಕು, ಒಟ್ಟು 12 ತಿಂಗಳು ಮೀರಬಾರದು. ಅಮೆರಿಕದ ಹುಡುಗಿ ಒಂದು ವರ್ಷ ಮನೆಗೆ ಹೋಗಿ ಸುಮ್ಮನಿರಬಹುದು. ವೀಸಾದವರು ಐದು ತಿಂಗಳಿಗಿಂತ ಹೆಚ್ಚು ಕಾಲ ಊರಿಗೆ ಬಂದು ಕೂತರೆ ವೀಸಾಕ್ಕೆ ಆಧಾರವಾಗಿ ಕಾಲೇಜು ಕೊಡುವ ಐ-20 ಪತ್ರವನ್ನು ಹೊಸದಾಗಿ ಮಾಡಿಸಿಕೊಂಡು ಮತ್ತೆ ಮೊದಲಿಂದ ಶುರುಮಾಡಬೇಕಾಗಬಹುದು. ಜಾಹೀರಾತಿನ ಹಣಕ್ಕೂ ಆ ವೀಸಾದಲ್ಲಿ ಕೆಲಸದ ನಿರ್ಬಂಧಗಳು ಅಡ್ಡ ಬರುತ್ತವೆ.

ಕ್ಯಾಂಪಸ್ ತೋರಿಸಲು ಕರೆದುಕೊಂಡು ಹೋದಾಗ ಜಿಮ್ಮು, ಡಾರ್ಮಿಟರಿ, ಜೆರ್ಸಿ ತೋರಿಸುತ್ತಾರೆ. ಕೇಳಬೇಕಾದ್ದನ್ನು ಅಲ್ಲೇ ಕೇಳಿಬಿಡುವುದು ಒಳ್ಳೆಯದು: ಸ್ಕಾಲರ್‌ಶಿಪ್ ಪತ್ರ ಒಂದು ವರ್ಷದ್ದೋ ನಾಲ್ಕು ವರ್ಷದ್ದೋ, ಮಗು ಮನೋವೈದ್ಯರಿಗೆ ಹೇಳಿದ್ದು ಕೋಚ್ ಕಿವಿಗೆ ಹೋಗುತ್ತದೆಯೇ, ಸೀಸನ್ ನಡುವೆ ಆಡಲಾರೆ ಎಂದರೆ ಅದನ್ನು ಯಾವ ಖಾನೆಗೆ ಬರೆಯುತ್ತೀರಿ, ಹೊರಗಿನ ವೈದ್ಯರ ಎರಡನೇ ಅಭಿಪ್ರಾಯಕ್ಕೆ ಖರ್ಚು ಯಾರದು. ಉತ್ತರವನ್ನು ಬರವಣಿಗೆಯಲ್ಲಿ ಕೊಡಲು ಹಿಂದೇಟು ಹಾಕುವ ಕಾಲೇಜಿಗೆ ಸಹಿ ಹಾಕುವ ಮುನ್ನ ಇನ್ನೊಂದು ಕಾಲೇಜನ್ನೂ ನೋಡಿ ಬರಬಹುದು.